ನೂರಕ್ಕೆ ಐದು

ವಿಜಯಪುರದ ಜಲನಗರದಲ್ಲಿ ಸುಶೀಲೇಂದ್ರ ಸರ್ ಅವರ ಮನೆ ಎಲ್ಲಿ ಎಂದರೆ ಆಟೋದವರು ಮರುಮಾತಿಲ್ಲದೆ ಬಾಗಿಲಿಗೆ ತಂದು ಬಿಡುತ್ತಿದ್ದರು. ಮೂವತ್ನಾಲ್ಕು ವರ್ಷ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೂ ಆ ಮನೆಗೆ ಹುಡುಗರು ಬರುವುದು ನಿಂತಿರಲಿಲ್ಲ. ತರುಣರಾಗಿದ್ದಾಗ ಒಂದು ವರ್ಷ ಇಂಗ್ಲೆಂಡಿನ ಬಿಸಿನೆಸ್ ಸ್ಕೂಲೊಂದರಲ್ಲಿ ತರಬೇತಿ ಪಡೆದು ಬಂದವರು ಅವರು. ಅಲ್ಲಿ ಯಾರನ್ನು ಆರಿಸುತ್ತಾರೆ, ಅರ್ಜಿಯಲ್ಲಿ ಏನನ್ನು ಹುಡುಕುತ್ತಾರೆ ಎಂಬುದು ಅವರಷ್ಟು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೊರದೇಶದಲ್ಲಿ ಎಂಬಿಎ ಓದಬೇಕೆನ್ನುವವರು ಅಂಕಪಟ್ಟಿ ಹಿಡಿದು ಬಂದರೆ, ಅರ್ಧ ತಾಸು ಕೂಡ್ರಿಸಿಕೊಂಡು ಮಾತಾಡಿಸಿ, ಕಡೆಗೆ ನೂರಕ್ಕೆ ಇಷ್ಟು ಎಂದು ಒಂದು ಸಂಖ್ಯೆ ಹೇಳುತ್ತಿದ್ದರು. ಅದಕ್ಕೆ ದುಡ್ಡು ಮುಟ್ಟುತ್ತಿರಲಿಲ್ಲ. ಸುಳ್ಳು ಆಸೆ ಹಚ್ಚುವವರಲ್ಲ ಎಂಬ ಹೆಸರಿತ್ತು. ಅರವತ್ತು ಅಂದರೆ ಆ ಮನೆಯವರು ಅವತ್ತೇ ಪೇಢೆ ತರುತ್ತಿದ್ದರು; ಹತ್ತು ಅಂದರೆ ಹುಡುಗ ಬ್ಯಾಂಕಿನ ಪರೀಕ್ಷೆಗೆ ಓದಲು ಕೂಡುತ್ತಿದ್ದ. ಆ ಸಂಖ್ಯೆ ಸರಿಯೋ ತಪ್ಪೋ ಎಂದು ಇನ್ನೊಬ್ಬರ ಹತ್ತಿರ ಹೋಗಿ ಕೇಳಿದವರಿರಲಿಲ್ಲ.

ಅಕ್ಟೋಬರಿನ ಒಂದು ರವಿವಾರ ಮುಂಜಾನೆ ಅವರ ಮನೆಗೆ ನೀಲಾ ಬಂದಳು. ಸ್ಕೂಟಿಯನ್ನು ಗೇಟಿನ ಹೊರಗೇ ನಿಲ್ಲಿಸಿ, ಹೆಲ್ಮೆಟ್ಟನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ, ಒಂದು ನೀಲಿ ಫೈಲು ಎದೆಗವಚಿಕೊಂಡು ಒಳಗೆ ಬಂದಳು. ಸುಶೀಲೇಂದ್ರರಿಗೆ ಗುರುತು ಹತ್ತಲಿಲ್ಲ. ತಾನು ಅವರದೇ ವಿದ್ಯಾರ್ಥಿನಿ, ಬಬಲೇಶ್ವರದವಳು, ಬಿ.ಕಾಂ. ಮುಗಿಸಿ ಸಿಎ ಮಾಡಿದವಳು ಎಂದು ಅವಳೇ ಹೇಳಿದಾಗ ಅವರಿಗೆ ಸಂತೋಷವಾಯಿತು. ತನ್ನ ಕೈಯಲ್ಲಿ ಕಲಿತವರೊಬ್ಬರು ಸಿಎ ಆಗಿದ್ದಾರೆ ಎನ್ನುವುದು ಯಾವ ಮಾಸ್ತರಿಗಾದರೂ ಸಂತೋಷದ ಮಾತೇ.

"ಬಾರವಾ, ಕೂಡು. ಈಗ ಎಲ್ಲಿದ್ದಿ?"

"ತಿಕೋಟಾದಾಗ ಸರ್. ಮನೂಕದ ಕೋಲ್ಡ್ ಸ್ಟೋರೇಜ್ ಐತ್ರಿ, ಅಲ್ಲಿ ಲೆಕ್ಕಪತ್ರದ್ದೆಲ್ಲಾ ನಾನ ನೋಡಿಕೋತೇನ್ರಿ. ಮತ್ತ ಕಳ್ಳಕವಟಗಿ ಕಡೆ ರೈತರು ಕೂಡಿ ಒಂದು ಕಂಪನಿ ಮಾಡ್ಯಾರಿ, ಅದನ್ನೂ ನೋಡ್ತೇನಿ."

ಸುಶೀಲೇಂದ್ರರು ಫೈಲು ಬಿಚ್ಚಿದರು. ಎಂಬಿಎ ಪ್ರವೇಶಕ್ಕೆ ಬೇಕಾದ ಜಿಮ್ಯಾಟ್ ಪರೀಕ್ಷೆಯ ಅಂಕ ಚೆನ್ನಾಗಿತ್ತು. ಅದಕ್ಕಿಂತ ಚೆನ್ನಾಗಿದ್ದದ್ದು ಅವಳ ಕೆಲಸದ ಬಗ್ಗೆ ಬರೆದಿದ್ದ ಮೂರು ಪುಟ. ಕಳ್ಳಕವಟಗಿ ಸುತ್ತಲಿನ ಇನ್ನೂರ ಇಪ್ಪತ್ತು ದ್ರಾಕ್ಷಿ ಬೆಳೆಗಾರರು ದಲಾಲಿ ಕಣ್ಣಳತೆಯಲ್ಲಿ ಹೇಳಿದ ದರಕ್ಕೆ ಮನೂಕ, ಅಂದರೆ ಒಣದ್ರಾಕ್ಷಿ, ಮಾರುತ್ತಿದ್ದವರು. ನೀಲಾ ಅವರಿಗೆ ಕಾಳಿನ ಗಾತ್ರ, ತೇವ, ಬಣ್ಣ ನೋಡಿ ವಿಂಗಡಿಸುವುದನ್ನು ಕಲಿಸಿ, ಹೊರದೇಶದ ಖರೀದಿದಾರರ ಜೊತೆ ತಾನೇ ಮಾತಾಡಿ, ನೇರ ಮಾರಾಟಕ್ಕೆ ಇಳಿಸಿದ್ದಳು. ಮೊದಲ ವರ್ಷ ಔಷಧಿಯ ಅಂಶ ಹೆಚ್ಚಾಯಿತೆಂದು ಮಾಲು ವಾಪಸು ಬಂತು. ಊರೂರು ತಿರುಗಿ, ಯಾವ ದ್ರಾಕ್ಷಿ ಪಡದಲ್ಲಿ ಯಾವಾಗ ಯಾವ ಔಷಧಿ ಹೊಡೆದರು ಎಂದು ಪ್ರತಿಯೊಬ್ಬರಿಂದ ಬರೆಸಿದಳು. ಎರಡನೆಯ ವರ್ಷ ಒಂದು ಪೆಟ್ಟಿಗೆಯೂ ತಿರುಗಿ ಬರಲಿಲ್ಲ. ಇದನ್ನೆಲ್ಲ ಎಲ್ಲೂ ಉಬ್ಬಿಸದೆ, ನಡೆದದ್ದು ನಡೆದ ಹಾಗೆ ಬರೆದಿದ್ದಳು. ಸುಶೀಲೇಂದ್ರರು ಓದಿ ಮುಗಿಸಿ ಕನ್ನಡಕ ತೆಗೆದರು.

"ನೋಡವಾ, ನಾ ಇದ್ದದ್ದು ಇದ್ಹಾಂಗ ಹೇಳಾಂವ. ಇಂಥ ಕೆಲಸ ಮಾಡಿದವರು ನನ್ನ ಹತ್ರ ಭಾಳ ಮಂದಿ ಬಂದಿಲ್ಲ. ಅಂಕಾನೂ ಚಲೋ ಅವ. ಆದ್ರ ನಿನಗ ಮೂವತ್ಮೂರು. ಅಲ್ಲಿ ಕ್ಲಾಸಿನ್ಯಾಗ ಕೂಡೋರು ಇಪ್ಪತ್ತೇಳು ಇಪ್ಪತ್ತೆಂಟರವರು. ಮ್ಯಾಲೆ ನಮ್ಮ ದೇಶದಿಂದ ಅರ್ಜಿ ಹಾಕೋ ಸಿಎಗಳ ಪಾಳಿ ದೊಡ್ಡದದ. ಇಷ್ಟು ವರ್ಷ ಯಾಕ ತಡದಿ ಅಂತ ಮೊದಲ ಕೇಳ್ತಾರ." ಅವರು ಫೈಲು ಮುಚ್ಚಿ ಅವಳಿಗೆ ಕೊಟ್ಟರು. "ಹದಿನೈದು ಅಂತೀನಿ. ನೂರಕ್ಕ ಹದಿನೈದು."

ನೀಲಾ ತಲೆಯಾಡಿಸಿದಳು. ಆ ಮುಖ ನೋಡಿ ಅವರಿಗೆ ಮರುಕವೆನಿಸಿತು.

"ಇಪ್ಪತ್ತೈದು ಇಪ್ಪತ್ತಾರಕ್ಕ ಬಂದಿದ್ರ ಕಣ್ಣು ಮುಚ್ಚಿ ಅರವತ್ತು ಹೇಳ್ತಿದ್ದೆ. ಯಾಕ ಬರಲಿಲ್ಲ ಆವಾಗ?"

ನೀಲಾ ಫೈಲಿನ ದಾರವನ್ನು ಗುಂಡಿಗೆ ಸುತ್ತುತ್ತಿದ್ದಳು. ಸುತ್ತಿ ಮುಗಿಸಿ ಹೇಳಿದಳು. "ಬಂದಿದ್ನಲ್ರಿ ಸರ್."

"ಎಲ್ಲಿಗೆ?"

"ಇಲ್ಲಿಗೇರಿ. ಏಳು ವರ್ಷಾತು. ಅಪ್ಪನೂ ಬಂದಿದ್ದ."

"ಹೌದೇನು? ನಾ ಏನಂದಿದ್ದೆ?"

"ಐದು ಅಂದಿದ್ರಿ."

ಆ ದನಿಯಲ್ಲಿ ದೂರು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗಿತ್ತು. ಅವಳು ಎದ್ದು, ಬರ್ತೇನ್ರಿ ಸರ್ ಎಂದು ಕೈಮುಗಿದು, ಗೇಟನ್ನು ಸದ್ದಾಗದಂತೆ ಹಾಕಿಕೊಂಡು ಹೋದಳು.

ತಾವು ಹೇಳಿದ ಪ್ರತಿಯೊಂದು ಸಂಖ್ಯೆಯನ್ನೂ ಅದಕ್ಕೆ ಕಾರಣವನ್ನೂ ನೋಟುಬುಕ್ಕಿನಲ್ಲಿ ಬರೆದಿಡುವುದು ಸುಶೀಲೇಂದ್ರರ ರೂಢಿ. ಮಧ್ಯಾಹ್ನ ಕಪಾಟಿನ ತಳದಿಂದ ಏಳು ವರ್ಷದ ಹಿಂದಿನದನ್ನು ಹುಡುಕಿ ತೆಗೆದರು. ಹುಡುಕುವಾಗ, ಬಹುಶಃ ಆಗ ಅವಳ ಅಂಕ ಕಡಿಮೆಯಿದ್ದಿರಬೇಕು, ಅನುಭವ ಸಾಲದಿದ್ದಿರಬೇಕು ಎಂದುಕೊಳ್ಳುತ್ತಿದ್ದರು. ಹಾಗೇ ಇರಲಿ ಎಂದು ಒಳಗೊಳಗೆ ಬೇಡಿಕೊಳ್ಳುತ್ತಲೂ ಇದ್ದರು.

ಪುಟ ಸಿಕ್ಕಿತು. ಅವರದೇ ದುಂಡು ಅಕ್ಷರ. 'ನೀಲಾ ಪರಸಪ್ಪ, ಬಬಲೇಶ್ವರ. ಅಂಕ ಬಹಳ ಚೆನ್ನ. ಸಿಎ, ಮೂರು ವರ್ಷ ಅನುಭವ. ಇಂಗ್ಲಿಷ್ ಉಚ್ಚಾರ ಹಳ್ಳಿಯದು. ತಂದೆ ಶಾಲೆಯ ಜವಾನ. ಅಲ್ಲಿಯ ವಾತಾವರಣಕ್ಕೆ ಹೊಂದಿಕೊಳ್ಳುವುದು ಕಷ್ಟ. ೫.'

ಪುಟ ತಿರುವಿದರು. ಅದೇ ವಾರ ಬಂದಿದ್ದ, ಅದೇ ತರಗತಿಯ ಅನೂಪನ ಹೆಸರಿತ್ತು. 'ಅಂಕ ಸಾಧಾರಣ. ಅನುಭವ ಎರಡು ವರ್ಷ. ನಡೆನುಡಿ ಚೆನ್ನ. ಒಳ್ಳೆಯ ಮನೆತನ. ತಯಾರಿ ಮಾಡಿಸಿದರೆ ಆದೀತು. ೪೫.' ತಯಾರಿ ಮಾಡಿಸಿದವರು ಅವರೇ. ನಾಲ್ಕು ತಿಂಗಳು ಮನೆಗೆ ಕರೆಸಿ, ಪ್ರಬಂಧ ತಿದ್ದಿ, ಶಿಫಾರಸು ಪತ್ರ ಬರೆದುಕೊಟ್ಟಿದ್ದರು. ಅವನು ಈಗ ಲಂಡನ್ನಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ಪ್ರತಿ ವರ್ಷ ಶಿಕ್ಷಕರ ದಿನಕ್ಕೆ ತಪ್ಪದೆ ಫೋನು ಮಾಡುತ್ತಿದ್ದ. ಆ ಫೋನು ಬಂದ ದಿನ ಸುಶೀಲೇಂದ್ರರು ಗಲ್ಲಿಯವರಿಗೆಲ್ಲ ಹೇಳುತ್ತಿದ್ದರು.

ಜಾತಿ ಎಂಬ ಶಬ್ದ ಆ ಪುಟದಲ್ಲಿ ಎಲ್ಲೂ ಇರಲಿಲ್ಲ. ಅದನ್ನು ಬರೆಯುವವರಲ್ಲ ಅವರು, ತರಗತಿಯಲ್ಲಿ ಯಾರಿಗೂ ಭೇದ ಮಾಡಿದವರಲ್ಲ. ಅವಳಿಗೆ ಎಷ್ಟೋ ಸಲ ಅತಿ ಹೆಚ್ಚು ಅಂಕ ಕೊಟ್ಟವರು. ಆದರೂ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟರೆ, ಕಣ್ಣಿದ್ದವರಿಗೆ ಬೇರೆ ಓದುವುದೇನೂ ಉಳಿದಿರಲಿಲ್ಲ.

ಹೆಂಡತಿ ಹೀರಾಬಾಯಿ ಚಹಾ ತಂದಿಟ್ಟು, ಏನದು ಎಂದು ಕೇಳಿದರು. ಸುಶೀಲೇಂದ್ರರು ಹೇಳಿದರು.

"ನನಗ ನೆನಪದ," ಎಂದರು ಹೀರಾಬಾಯಿ. "ಖಾಕಿ ಪ್ಯಾಂಟು ಹಾಕ್ಕೊಂಡಾಂವ, ಗೇಟಿನ ಹೊರಗ ನಿಂತಿದ್ದ. ಹುಡುಗಿ ಒಳಗ ಕೂತಿತ್ತು. ನಾ ಹೋಗಿ ಒಳಗ ಬರ್ರಿ ಅಂದೆ. ಇರ್ಲಿ ಬಿಡ್ರಿ ಅಂದ. ನೀವು ಒಂದ್ಸಲ ಕರದಿದ್ರ ಬರ್ತಿದ್ದನೋ ಏನೋ."

"ನಾ ಕರೀಲಿಲ್ಲೇನು?"

"ಅವತ್ತಿನ ಮಾತು ಈಗ್ಯಾಕ," ಎಂದು ಹೀರಾಬಾಯಿ ಕಪ್ಪು ಮುಂದೆ ಸರಿಸಿ ಒಳಗೆ ಹೋದರು. ಅದೇ ಉತ್ತರವೆಂದು ಅವರಿಗೆ ತಿಳಿಯಿತು. ಉಳಿದ ಪುಟಗಳಲ್ಲಿ ಇನ್ನೆಷ್ಟು ಇಂಥವಿವೆಯೋ ಎಂದು ತಿರುವಲು ಬೆರಳು ಹಚ್ಚಿದವರು, ಧೈರ್ಯ ಸಾಲದೆ ನೋಟುಬುಕ್ಕು ಮುಚ್ಚಿದರು.

ಮೂರು ದಿನ ಬಿಟ್ಟು ಅವರು ತಿಕೋಟಾದ ಬಸ್ಸು ಹತ್ತಿದರು. ದಾರಿಯ ಎರಡೂ ಕಡೆ ಪಡಗಳಲ್ಲಿ ಬಳ್ಳಿ ಕತ್ತರಿಸುವ ಚಾಟನಿ ಮುಗಿದು ಹೊಸ ಚಿಗುರು ಹೊರಟಿತ್ತು. ಕೋಲ್ಡ್ ಸ್ಟೋರೇಜು ಊರ ಹೊರಗೆ, ತಗಡಿನ ದೊಡ್ಡ ಕಟ್ಟಡ. ಒಳಗೆ ಕಾಲಿಟ್ಟರೆ ಒಣದ್ರಾಕ್ಷಿಯ ಹುಳಿಸಿಹಿ ವಾಸನೆ ಮೂಗಿಗೆ ಅಡರಿತು. ಉದ್ದನೆಯ ಮೇಜುಗಳ ಎರಡೂ ಬದಿಗೆ ಹೆಂಗಸರು ಕುಳಿತು ಕಾಳು ಆರಿಸುತ್ತಿದ್ದರು. ನೀಲಾ ಮೇಜಿನಿಂದ ಮೇಜಿಗೆ ಹೋಗಿ ಹಿಡಿ ಹಿಡಿ ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅವರನ್ನು ಕಂಡು ಕೈ ಒರೆಸಿಕೊಂಡು ಬಂದಳು. ತನ್ನ ಚಿಕ್ಕ ಆಫೀಸಿಗೆ ಕರೆದೊಯ್ದು ಫ್ಯಾನು ಹಾಕಿ, ನೀರು ಕೊಟ್ಟಳು.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಸುಶೀಲೇಂದ್ರರಿಗೆ ಅಲ್ಲಿ ಕೈಕೊಟ್ಟವು. "ನೋಟುಬುಕ್ಕು ತಗದು ನೋಡಿದೆ," ಎಂದಷ್ಟೇ ಅಂದರು. "ತಪ್ಪು ನನ್ನದು. ನಿನ್ನ ಕಾಗದ ನೋಡಿ ಅಲ್ಲ ನಾ ಆವತ್ತು ಹೇಳಿದ್ದು."

ಹೊರಗೆ ತಕ್ಕಡಿಯ ಮೇಲೆ ಪೆಟ್ಟಿಗೆ ಇಡುವ ಸದ್ದು ಕೇಳುತ್ತಿತ್ತು.

"ಗೊತ್ತಿತ್ರಿ ಸರ್," ಎಂದಳು ನೀಲಾ. "ಅನೂಪಗ ಬಿ.ಕಾಂ.ದಾಗ ಅಕೌಂಟ್ಸ್ ಹೇಳಿಕೊಟ್ಟಾಕಿ ನಾನ. ಅವ ಲಂಡನ್ನಿಗೆ ಹೋಗೂ ಮುಂದ ಫೋನಿನ್ಯಾಗ ಫೋಟೊ ಹಾಕಿದ್ದ, ನಿಮ್ಮ ಮನಿ ಪಡಸಾಲ್ಯಾಗ ನಿಂತು ತಗಿಸಿಕೊಂಡಿದ್ದು. ಅವಾಗ ಗೊತ್ತಾತು. ಅವನ ಮ್ಯಾಲ ನನಗ ಏನೂ ಇಲ್ಲ, ಚಲೋ ಹುಡುಗ. ಅರ್ಜಿ ತುಂಬಿ ಇಟ್ಟಿದ್ದೆ ನಾ. ನೀವು ಐದು ಅಂದ ಮ್ಯಾಲ ಕಳಸಲಿಲ್ಲ."

"ಮತ್ತ ಈಗ ನನ್ನ ಹತ್ರನ ಯಾಕ ಬಂದಿ?"

"ಅಪ್ಪ ಹೇಳಿದ್ದಕ್ಕ ಬಂದ್ನಿರಿ. ಅವ ಹೋಗಿ ಮೂರು ವರ್ಷಾತು. ದವಾಖಾನ್ಯಾಗಿದ್ದಾಗ ಅಂದಿದ್ದ, ಇನ್ನೊಮ್ಮೆ ಹೋಗಿ ಸರ್‌ಗೆ ಕೇಳು, ಈಗ ನಿನ್ನ ಕೆಲಸ ನೋಡಿದ್ರ ಅವರು ಬ್ಯಾರೇನ ಹೇಳ್ತಾರ ಅಂತ. ನಿಮ್ಮ ಮ್ಯಾಲ ಅವಗ ಭಾಳ ವಿಶ್ವಾಸ ಇತ್ತು."

ಸುಶೀಲೇಂದ್ರರು ಮೇಜಿನ ಮೇಲಿದ್ದ ನೀರಿನ ಲೋಟವನ್ನು ಹಿಡಿದುಕೊಂಡೇ ಕುಳಿತರು. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದರು. ಅದನ್ನು ಅವಳು ಮುಖದಲ್ಲೇ ಓದಿದಳೋ ಏನೋ.

"ಮಾಫಿ ಗೀಫಿ ಬ್ಯಾಡ್ರಿ ಸರ್," ಎಂದಳು. "ಹದಿನೈದಂದ್ರ ಹದಿನೈದು. ಈ ಸಲ ನಾ ಅರ್ಜಿ ಹಾಕಾಕಿ. ಶಿಫಾರಸು ಪತ್ರ ಬೇಕು. ಬರೀತೀರೇನು?"

ಬರೆದರು. ಒಂದಲ್ಲ, ನಾಲ್ಕು ಸಲ ಬರೆದು ಹರಿದರು. ಇಂಥ ಪತ್ರವನ್ನು ಅರ್ಜಿದಾರರಿಗೆ ತೋರಿಸದೆ ನೇರವಾಗಿ ಸ್ಕೂಲಿಗೆ ಕಳಿಸಬೇಕು. ಐದನೆಯ ಸಲ ಬರೆದದ್ದರಲ್ಲಿ ಅವಳ ಕೆಲಸದ ಬಗ್ಗೆ ಒಂದು ಪುಟವಿತ್ತು. ಕಡೆಯಲ್ಲಿ, ಏಳು ವರ್ಷಗಳ ಹಿಂದೆಯೇ ಇವಳು ನಿಮ್ಮಲ್ಲಿಗೆ ಬರಬೇಕಾಗಿತ್ತು, ಆಗ ತಡೆದವನು ನಾನು, ಕೊರತೆ ಇದ್ದದ್ದು ಅವಳಲ್ಲಲ್ಲ, ನಾನು ಅವಳನ್ನು ನೋಡಿದ ರೀತಿಯಲ್ಲಿ ಎಂದು ಇತ್ತು. ಅದನ್ನು ಕಳಿಸಿದ ದಿನ ಅವರಿಗೆ ಎಷ್ಟೋ ವಾರಗಳ ನಂತರ ಒಂದಿಷ್ಟು ಹಗುರವೆನಿಸಿತು.

ಎರಡು ಕಡೆ ಅರ್ಜಿ ಹಾಕುವುದೆಂದಾಯಿತು, ಒಂದು ಫ್ರಾನ್ಸಿಗೆ, ಒಂದು ಇಂಗ್ಲೆಂಡಿಗೆ. ನವೆಂಬರ್, ಡಿಸೆಂಬರ್ ಎರಡೂ ತಿಂಗಳು ನೀಲಾ ರವಿವಾರಕ್ಕೊಮ್ಮೆ ಜಲನಗರಕ್ಕೆ ಬಂದು ಪಡಸಾಲೆಯ ಮೇಜಿನ ಮೇಲೆ ಪ್ರಬಂಧ ತಿದ್ದಿಸಿಕೊಂಡು ಹೋದಳು. ಹೀರಾಬಾಯಿ ಅವಳಿಗೆ ಊಟ ಮಾಡಿಸದೆ ಕಳಿಸುತ್ತಿರಲಿಲ್ಲ. ಜನವರಿಯಲ್ಲಿ ಫ್ರಾನ್ಸಿನವರು ಸಂದರ್ಶನಕ್ಕೂ ಕರೆಯದೆ ಇಲ್ಲ ಎಂದರು. ಫೆಬ್ರುವರಿಯಲ್ಲಿ ಇಂಗ್ಲೆಂಡಿನವರು ಕರೆದರು. ಲ್ಯಾಪ್‌ಟಾಪಿನಲ್ಲೇ ಮಾತುಕತೆ, ನಮ್ಮಲ್ಲಿಯ ಸಂಜೆ ಐದೂವರೆಗೆ. ತಾಯಿ ಹತ್ತಿರ ಇರಲಿ ಎಂದು ನೀಲಾ ಬಬಲೇಶ್ವರದ ಮನೆಯಲ್ಲೇ ಕೂಡುವುದಾಗಿ ಹೇಳಿದಳು.

"ನಾನೂ ಬರ್ಲೇನು?" ಎಂದು ಸುಶೀಲೇಂದ್ರರು ಫೋನಿನಲ್ಲಿ ಕೇಳಿದರು. "ಹೊರಗಿನ ಖೋಲ್ಯಾಗ ಕೂತಿರ್ತೀನಿ. ಸುಮ್ಮನ."

ಆ ಕಡೆಯಿಂದ ಮಾತು ಬರಲು ಸ್ವಲ್ಪ ತಡವಾಯಿತು. "ಬರ್ರಿ ಸರ್," ಎಂದಳು. ತಡವಾದದ್ದನ್ನು ಅವರು ಅವತ್ತು ಲೆಕ್ಕಕ್ಕೆ ಹಿಡಿಯಲಿಲ್ಲ.

ಬಬಲೇಶ್ವರದ ಮನೆ ಎರಡು ಖೋಲಿಯದು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು, ಅವರ ಕೆಳಗೆ ಹಾರ ಹಾಕಿದ, ನೀಲಾಳ ತಂದೆ ಪರಸಪ್ಪನ ಫೋಟೊ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು, ಯಾವುದೋ ಗುರುತಿನ ಚೀಟಿಗೆಂದು ತೆಗೆಸಿದ್ದನ್ನು ದೊಡ್ಡದು ಮಾಡಿಸಿದ್ದರು. ಗೇಟಿನ ಹೊರಗೆ ನಿಂತಿದ್ದ ಆ ಮನುಷ್ಯನ ಮುಖವನ್ನು ಸುಶೀಲೇಂದ್ರರು ಮೊದಲ ಸಲ ನೋಡಿದರು. ನೀಲಾಳ ತಾಯಿ ಪರಸವ್ವ ಕುರ್ಚಿ ಹಾಕಿ, ಚಹಾ ತಂದುಕೊಟ್ಟು, ತಾನು ಹೊಸ್ತಿಲ ಹತ್ತಿರ ಗೋಡೆಗೆ ಒರಗಿ ಕುಳಿತಳು. ಒಳಖೋಲಿಯಲ್ಲಿ ನೀಲಾ ಲ್ಯಾಪ್‌ಟಾಪಿನ ಕೆಳಗೆ ಪುಸ್ತಕಗಳನ್ನಿಟ್ಟು ಎತ್ತರ ಸರಿಮಾಡುತ್ತಿದ್ದಳು. ಇನ್ನೂ ಅರ್ಧ ತಾಸು ಇತ್ತು.

"ನೀವ ಅಲ್ರಿ ಆ ಸರ್," ಎಂದಳು ಪರಸವ್ವ ಮೆಲ್ಲಗೆ.

ಹೌದು ಎಂದರು.

"ನಿಮ್ಮ ಹೆಸರು ಭಾಳ ಹೇಳ್ತಿದ್ದ ನಮ್ಮಂವ. ನೀವು ಆಗೂದಿಲ್ಲ ಅಂದದ್ದು ಮಾತ್ರ ಯಾರ ಮುಂದೂ ಹೇಳಲಿಲ್ಲ. ಊರಾಗ ಎಲ್ಲಾರಿಗೂ ಗೊತ್ತಾಗಿತ್ರಿ, ಹುಡುಗಿ ಪರದೇಶಕ್ಕ ಓದಾಕ ಹೊಂಟಾಳ ಅಂತ. ಯಾಕ ಹೋಗಲಿಲ್ಲ ಅಂತ ಕೇಳಿದವರಿಗೆಲ್ಲಾ, ನಾನ ಬ್ಯಾಡ ಅಂದೆ, ಒಬ್ಬಾಕಿನ್ನ ಅಷ್ಟು ದೂರ ಕಳಸಾಕ ನನಗ ಮನಸ್ಸಾಗಲಿಲ್ಲ ಅಂತಿದ್ದ."

"ಯಾಕ ಹಂಗ ಹೇಳಿದ್ರು?"

"ಹುಡುಗಿಗೆ ತಾಕತ್ತಿಲ್ಲ ಅಂತ ಮಂದಿ ಆಡಿಕೋಬಾರದು ಅಂತ್ರಿ. ನಮ್ಮ ಓಣ್ಯಾಗ ಅವಗ ಬೈದಾರ, ಕಮ್ಮಿ ಬೈದಿಲ್ಲ. ಗ್ವಾಡಿ ಮ್ಯಾಲ ಬಾಬಾಸಾಹೇಬರ ಫೋಟೊ ಹಾಕೀದಿ, ಓದೂ ಮಗಳ ಕಾಲಿಗೆ ಹಗ್ಗ ಕಟ್ಟೀದಿ ಅಂತ ಬುದ್ಧ ವಿಹಾರದಾಗ ಎಲ್ಲಾರ ಮುಂದ ಅಂದ್ರು. ಅವ ತಲಿ ತಗ್ಗಿಸಿ ನಿಂತಿದ್ದ. ನಾ ಮನಿಗೆ ಬಂದು ಕೇಳಿದೆ, ಖರೇ ಹೇಳಿಬಿಡಬಾರದೇನು ಅಂತ. ಅಕಿ ಮುಂದ ದೊಡ್ಡಾಕಿ ಆಗಾಕಿ, ನನ್ನ ಹೆಸರು ಕೆಟ್ಟರ ಏನಾಕೈತಿ ಅಂದ."

ಪರಸವ್ವ ಇದನ್ನು ಅಳದೆ, ನೆರೆಮನೆಯ ಸುದ್ದಿ ಹೇಳಿದಂತೆ ಹೇಳಿದಳು. ಸುಶೀಲೇಂದ್ರರಿಗೆ ಚಹಾ ಬೇಡವಾಯಿತು. ಬಿಟ್ಟರೆ ಅವಳು ಏನೆಂದುಕೊಂಡಾಳೋ ಎಂದು ಪೂರ್ತಿ ಕುಡಿದರು.

ಸಂದರ್ಶನ ಶುರುವಾಯಿತು. ಒಳಖೋಲಿಯ ಬಾಗಿಲಿಗೆ ಪರದೆಯಷ್ಟೇ ಇತ್ತು. ಪ್ರತಿ ಮಾತೂ ಕೇಳಿಸುತ್ತಿತ್ತು. ಪ್ರಶ್ನೆ ಕೇಳುತ್ತಿದ್ದವಳು ಒಬ್ಬ ಹೆಂಗಸು, ದನಿ ಮೃದುವಾಗಿತ್ತು. ಕಳ್ಳಕವಟಗಿಯ ರೈತರ ಬಗ್ಗೆ ನೀಲಾ ಹೇಳತೊಡಗಿದಾಗ ಸುಶೀಲೇಂದ್ರರು ನೆಟ್ಟಗೆ ಕುಳಿತರು. ಎಷ್ಟು ಚೆನ್ನಾಗಿ ಹೇಳುತ್ತಿದ್ದಳು ಹುಡುಗಿ. ಮಾಲು ವಾಪಸು ಬಂದ ದಿನ ಒಬ್ಬ ರೈತ ಪೆಟ್ಟಿಗೆಯ ಮೇಲೇ ಕುಳಿತು, ನಾನು ಏಳುವುದಿಲ್ಲ, ನನ್ನನ್ನೂ ಸೇರಿಸಿ ತೂಗಿರಿ ಎಂದ ಕಥೆ ಹೇಳಿದಾಗ ಆ ಹೆಂಗಸು ಮನಸಾರೆ ನಕ್ಕಳು. ಹಳ್ಳಿಯ ಉಚ್ಚಾರ ಎಂದು ಯಾವುದನ್ನು ಬರೆದಿದ್ದರೋ ಅದೇ ಉಚ್ಚಾರದಲ್ಲಿ, ತಡವರಿಸದೆ, ನೀಲಾ ಹೇಳುತ್ತಲೇ ಹೋದಳು. ಹದಿನೈದು ಇಪ್ಪತ್ತೈದಾಯಿತು, ಮೂವತ್ತಾಯಿತು ಎಂದು ಅವರ ಮನಸ್ಸು ತನ್ನ ಹಳೆಯ ಚಾಳಿಯಂತೆ ಎಣಿಸುತ್ತಿತ್ತು.

ಆಮೇಲೆ ಆ ಪ್ರಶ್ನೆ ಬಂತು. ನೀವು ಏಳು ವರ್ಷದ ಹಿಂದೆಯೇ ಪರೀಕ್ಷೆ ಬರೆದಿದ್ದೀರಿ, ಆಗಲೂ ಒಳ್ಳೆಯ ಅಂಕವೇ ಇತ್ತು. ಆಗ ಯಾಕೆ ಅರ್ಜಿ ಹಾಕಲಿಲ್ಲ?

ಸುಶೀಲೇಂದ್ರರು ಪರದೆಯ ಕಡೆ ತಿರುಗಿದರು. ಹೇಳು, ಇದ್ದದ್ದನ್ನು ಹೇಳು ಎಂದು ಮನಸ್ಸಿನಲ್ಲೇ ಅಂದರು.

"ಆಗ ನಾನು ತಯಾರಿರಲಿಲ್ಲ," ಎಂದಳು ನೀಲಾ ಇಂಗ್ಲಿಷಿನಲ್ಲಿ. "ಮನೆಯಲ್ಲೂ ಕಳಿಸುವ ಮನಸ್ಸಿರಲಿಲ್ಲ."

ಆ ಹೆಂಗಸು ಏನೋ ಹಾಳೆ ತಿರುವಿದ ಸದ್ದು ಕೇಳಿಸಿತು. ನಿಮ್ಮ ಪ್ರಾಧ್ಯಾಪಕರ ಪತ್ರ ಬೇರೆಯದನ್ನೇ ಹೇಳುತ್ತದಲ್ಲ ಎಂದಳು. ಅವರು ನಿಮ್ಮನ್ನು ತಡೆದರಂತೆ.

ಪತ್ರದಲ್ಲಿ ಏನಿದೆ ಎಂಬುದು ನೀಲಾಳಿಗೆ ಗೊತ್ತಿರಲಿಲ್ಲ. "ಅವರು ದೊಡ್ಡ ಮನಸ್ಸಿನವರು," ಎಂದಳು ಕಡೆಗೆ. "ನನ್ನ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಿದ್ದಾರೆ."

ಹೊರಗೆ ಕುಳಿತವರಿಗೆ ಎದ್ದು ಹೋಗಿ ಪರದೆ ಸರಿಸಿ, ಅದು ಸುಳ್ಳು ಎಂದು ಹೇಳಬೇಕೆನಿಸಿತು. ಹಾಗೆ ಮಾಡುವಂತಿರಲಿಲ್ಲ. ಆ ಸ್ಕೂಲುಗಳವರು ಇಂಥ ಕಡೆಯಲ್ಲಿ ಏನು ಬರೆದುಕೊಳ್ಳುತ್ತಾರೆಂದು ಅವರಿಗೆ ಗೊತ್ತಿತ್ತು: ಹೇಳಿದ ಉತ್ತರ ಶಿಫಾರಸು ಪತ್ರಕ್ಕೆ ಹೊಂದುವುದಿಲ್ಲ, ತನ್ನ ಬಗ್ಗೆ ತನಗೇ ಸ್ಪಷ್ಟತೆಯಿಲ್ಲ. ಪರಸವ್ವನಿಗೆ ಇಂಗ್ಲಿಷ್ ಬಾರದು. ಅವಳು ಮಗಳ ದನಿ ಕೇಳುತ್ತ ಮುಗುಳ್ನಗುತ್ತಿದ್ದಳು.

ಮುಗಿಸಿಕೊಂಡು ಹೊರಬಂದ ನೀಲಾ ತಂಬಿಗೆಯೆತ್ತಿ ನೀರು ಕುಡಿದಳು. ಚಲೋ ಆತ್ರಿ ಸರ್ ಎಂದಳು, ಅವರ ಕಡೆ ನೋಡದೆ. ಸುಶೀಲೇಂದ್ರರೂ ಚಲೋ ಹೇಳಿದಿ ಎಂದರು.

ಮಾರ್ಚ್ ಎರಡನೆಯ ವಾರದಲ್ಲಿ ಉತ್ತರ ಬಂತು. ನೀಲಾ ಫೋನು ಮಾಡಿದಳು.

"ಆಗಲಿಲ್ರಿ ಸರ್."

ಅವರು ಕುರ್ಚಿಯಲ್ಲಿ ಕುಳಿತರು. ಹಿಂದಿನಿಂದ ಹೆಂಗಸರ ಮಾತು, ಯಾವುದೋ ಲಾರಿಯ ಹಾರ್ನು ಕೇಳುತ್ತಿತ್ತು. "ಆವತ್ತು ಯಾಕ ಹಂಗ ಹೇಳಿದಿ ನೀಲಾ?" ಎಂದು ಕೇಳಿದರು. ತಿಂಗಳಿಂದ ನಾಲಿಗೆಯ ತುದಿಯಲ್ಲಿದ್ದ ಪ್ರಶ್ನೆ.

"ನೀವು ಬಾಜೂಕ ಕುಂತಿದ್ರಿ ಸರ್. ವಯಸ್ಸಾದವರು, ಅಷ್ಟು ದೂರ ಬಸ್ಸಿನ್ಯಾಗ ಬಂದವರು. ನಿಮ್ಮ ಕಿವಿಗೆ ಬೀಳೂ ಹಂಗ ಹೇಳಾಕ ಬಾಯಿ ಬರಲಿಲ್ಲ."

"ನಾ ಬರಬಾರದಿತ್ತು."

ನೀಲಾ ಹಾಗೇನಿಲ್ಲ ಎನ್ನಲಿಲ್ಲ. "ಅದರಿಂದನ ಆಗಲಿಲ್ಲ ಅನ್ನೂದೂ ಖರೇ ಇರಲಿಕ್ಕಿಲ್ರಿ," ಎಂದಳು. "ವಯಸ್ಸಿಂದ ಇರಬೇಕು. ನೀವ ಹೇಳಿದ್ರಲ್ಲಾ, ಹದಿನೈದು ಅಂತ."

"ಇನ್ನೊಂದು ವರ್ಷ ಹಾಕ್ತಿಯೇನು?"

"ಇಲ್ರಿ. ಸಾಕು." ಯಾರೋ ಅವಳನ್ನು ಕೂಗಿದರು. "ಮನೂಕದ ಸೀಜನ್ ಸುರು ಆಗೇತ್ರಿ ಸರ್, ಗಾಡಿ ಬಂದು ನಿಂತಾವ. ಇಡ್ತೇನ್ರಿ."

ಆ ವಾರ ಜಲನಗರದವರೇ ಒಬ್ಬರು ಮಗಳನ್ನು ಕರೆದುಕೊಂಡು ಸಂಖ್ಯೆ ಕೇಳಲು ಬಂದರು. ಸುಶೀಲೇಂದ್ರರು, ಅರ್ಜಿ ತುಂಬುವುದಕ್ಕೆ ಸಹಾಯ ಮಾಡುತ್ತೇನೆ, ಸಂಖ್ಯೆ ಹೇಳುವುದಿಲ್ಲ ಎಂದರು. ಬಂದವರು ಸರ್ ಅವರಿಗೆ ಮೈಯಲ್ಲಿ ಆರಾಮಿಲ್ಲವೇನೋ ಎಂದುಕೊಂಡು ಹೋದರು.

ಯುಗಾದಿಯ ಮುಂಚೆ ಒಂದು ದಿನ ಅವರು ಒಬ್ಬರೇ ಬಬಲೇಶ್ವರಕ್ಕೆ ಹೋದರು. ನೀಲಾ ಕೆಲಸಕ್ಕೆ ಹೋಗಿದ್ದಳು. ಪರಸವ್ವ ಮೊರದಲ್ಲಿ ಜೋಳ ಕೇರುತ್ತಿದ್ದಳು. ಬರ್ರಿ ಎಂದು ಎದ್ದು ಕುರ್ಚಿ ಹಾಕಿದಳು. ಅವರು ಕೂಡದೆ, ಬಂದ ಕಾರಣ ಹೇಳಿದರು. ಪರಸಪ್ಪನಿಗೆ ಬೈದವರೆಲ್ಲ ಇನ್ನೂ ಓಣಿಯಲ್ಲಿದ್ದಾರಲ್ಲ. ಅವರೆಲ್ಲ ಕೂಡುವ ದಿನ ನೋಡಿ ತಾನು ವಿಹಾರಕ್ಕೆ ಬಂದು, ಹುಡುಗಿಯನ್ನು ತಡೆದವನು ತಾನು, ಪರಸಪ್ಪನಲ್ಲ ಎಂದು ಎಲ್ಲರೆದುರು ಹೇಳಿಬಿಡುತ್ತೇನೆ ಎಂದರು.

ಪರಸವ್ವ ಅವರನ್ನೇ ನೋಡಿದಳು. ಆ ನೋಟದಲ್ಲಿ ಕೋಪ ಇರಲಿಲ್ಲ. ಒಂದು ಬಗೆಯ ದಣಿವಿತ್ತು.

"ಬ್ಯಾಡ್ರಿ," ಎಂದಳು.

"ಅವರ ಹೆಸರಿಗೆ ಹತ್ತಿದ ಕಪ್ಪು ಹೋಗ್ಲಿ ಅಂತ ಕೇಳ್ಕೋತೀನಿ."

"ಮಂದಿ ಮರತಾರ್ರಿ. ಸತ್ತವನ ಮ್ಯಾಲ ಯಾರು ಸಿಟ್ಟು ಇಟ್ಟುಕೋತಾರ? ಈಗ ನೀವು ಬಂದು ಹೇಳಿದ್ರ, ದೊಡ್ಡ ಸರ್ ಹುಡುಗಿ ಕಡಿಂದ ಆಗೂದಿಲ್ಲ ಅಂದಿದ್ರಂತ, ಈ ಸಲಾನೂ ಆಗಲಿಲ್ಲಂತ ಅಂತ ಅದ ಮಾತು ಸುರು ಆಕೈತಿ. ಅದು ಅಕಿ ಕಿವಿಗೆ ಬೀಳಬಾರದು ಅಂತ ಅವ ಅಷ್ಟು ವರ್ಷ ಬೈಸಿಕೊಂಡಾನ. ನಿಮ್ಮ ಮನಸ್ಸು ಹಗರ ಆಗಲಿ ಅಂತ ಅವನ ಮಾತು ಸುಳ್ಳ ಮಾಡಬ್ಯಾಡ್ರಿ."

"ಮತ್ತ ನಾ ಏನ್ ಮಾಡ್ಲಿ ಹೇಳ್ರಿ," ಎಂದರು. ಎಪ್ಪತ್ತಕ್ಕೆ ಹತ್ತಿರವಾದ, ಊರಿಗೆಲ್ಲ ದಾರಿ ಹೇಳಿದ ಮನುಷ್ಯ ಇನ್ನೊಬ್ಬರನ್ನು ಹೀಗೆ ಕೇಳಿದ್ದು ಬಹುಶಃ ಅದೇ ಮೊದಲು.

ಪರಸವ್ವ ನಿಜವಾಗಿಯೂ ಯೋಚಿಸಿದಳು. ಹೇಳುವಂಥದ್ದು ಏನಾದರೂ ಇದ್ದರೆ ಹೇಳುತ್ತಿದ್ದಳು. "ಏನೂ ಇಲ್ರಿ," ಎಂದಳು. ಮತ್ತೆ ಕುಳಿತು ಮೊರ ಕೈಗೆತ್ತಿಕೊಂಡಳು. ಹೊಟ್ಟು ಹಾರಿ ಅಂಗಳದಲ್ಲಿ ಬೀಳತೊಡಗಿತು.

ಬಸ್ ಸ್ಟ್ಯಾಂಡಿನಲ್ಲಿ ವಿಜಯಪುರದ ಗಾಡಿ ಬರಲು ನಲವತ್ತು ನಿಮಿಷವಿದೆ ಎಂದರು. ಬಿಸಿಲು ಏರಿತ್ತು. ನೆರಳಿನಲ್ಲಿ ಬೆಂಚು ಖಾಲಿ ಇತ್ತು, ಹಣ್ಣು ಮಾರುವವನೊಬ್ಬ ಕೂಡ್ರಿ ಅಜ್ಜಾರ ಎಂದು ಎರಡು ಸಲ ಹೇಳಿದ. ಸುಶೀಲೇಂದ್ರರು ಇರ್ಲಿ ಬಿಡ್ರಿ ಎಂದು ಕೈಸನ್ನೆ ಮಾಡಿ, ಬಸ್ಸು ಬರುವವರೆಗೂ ನಿಂತೇ ಇದ್ದರು.